ಕೀಲಿಕೈ ಒಪ್ಪಿಸುವ ಮುನ್ನ

1964ರ ಏಪ್ರಿಲ್ 15. ಅಮೆರಿಕದ ಶಿಕಾಗೊ ನಗರದ ಫೋರ್ಡ್ ಮಳಿಗೆಯೊಂದಕ್ಕೆ ಗೇಲ್ ಎಂಬ ಇಪ್ಪತ್ತೆರಡರ ಶಿಕ್ಷಕಿ ಕಾರು ಕೊಳ್ಳಲು ಬಂದರು. ಅವರಿಗೆ ಮಾಡು ಮಡಚುವ ಕನ್ವರ್ಟಿಬಲ್ ಕಾರೇ ಬೇಕಿತ್ತು. ಹೊರಗೆ ನಿಲ್ಲಿಸಿದ್ದವುಗಳಲ್ಲಿ ಅಂಥದ್ದು ಇರಲಿಲ್ಲ. ಮಾರಾಟಗಾರ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದು, ಹೊದಿಕೆ ಸರಿಸಿ, ತಿಳಿನೀಲಿ ಬಣ್ಣದ ಮಸ್ಟಾಂಗ್ ಒಂದನ್ನು ತೋರಿಸಿದ. ಆ ಮಾದರಿ ಜನರ ಮುಂದೆ ಬರಲು ಇನ್ನೂ ಎರಡು ದಿನವಿತ್ತು. ಬೆಲೆ 3,447 ಡಾಲರ್ 50 ಸೆಂಟ್. ತಂದೆ-ತಾಯಿಯಿಂದ ಸಾಲ ಪಡೆದು ಆಕೆ ಅದನ್ನು ಕೊಂಡರು. ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರಂತೆ.

ಮುಂದೆ ಮದುವೆ, ಮಕ್ಕಳು. ಗಂಡ ಅದನ್ನೇ ಕೆಲಸಕ್ಕೆ ಓಡಿಸುತ್ತಿದ್ದ. 1970ರ ದಶಕದ ಕೊನೆಗೆ ಕಾರು ಕೆಟ್ಟು ಶೆಡ್ ಸೇರಿತು. 'ಮುಂದಿನ ವಾರ ರಿಪೇರಿ ಮಾಡ್ತೀನಿ' ಎಂದ ಗಂಡನ ಆ ವಾರ ಬರಲು 27 ವರ್ಷ ಹಿಡಿಯಿತು. ನಡುವೆ ಹೆಂಡತಿಗೇ ಬೇಸರವಾಗಿ 'ಇದನ್ನು ಸಾಗಹಾಕೋಣ' ಎಂದರೆ, ನಿವೃತ್ತಿಯಾದ ಮೇಲಿನ ಕೆಲಸಕ್ಕೆ ಅದು ಇರಲಿ ಎಂದು ಗಂಡ ತಡೆದ. ಕೊನೆಗೆ ಸರಿಪಡಿಸಿಯೂ ಬಿಟ್ಟ. ಅಮೆರಿಕದಲ್ಲಿ ಮಾರಾಟವಾದ ಮೊದಲ ಮಸ್ಟಾಂಗ್ ಇದೇ ಎಂಬುದು ದಂಪತಿಗೆ ತಿಳಿದದ್ದು ಬಹಳ ತಡವಾಗಿ.

ಇದೇ ಕಾರಿನ ಇನ್ನೊಂದು ಕಥೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನದು. ವಿಮಾನದ ಪೈಲಟ್ ಸ್ಟಾನ್ಲಿ ಟಕರ್ 1964ರ ಅದೇ ತಿಂಗಳು ಬಿಳಿಯ ಕನ್ವರ್ಟಿಬಲ್ ಒಂದನ್ನು ಕೊಂಡರು. ಅದು ಸರಣಿಯಲ್ಲಿ ಮೊದಲ ಸಂಖ್ಯೆಯ ಮಸ್ಟಾಂಗ್. ಪ್ರದರ್ಶನಕ್ಕೆ ಕಳಿಸಿದ್ದ ಅದನ್ನು ಮಳಿಗೆಯವರು ಮಾರಿಬಿಟ್ಟಿದ್ದರು. ಕಂಪನಿ ವಾಪಸ್ ಕೇಳಿದಾಗ ಟಕರ್ ಕೂಡಲೇ ಒಪ್ಪಲಿಲ್ಲ, ಸುಮಾರು ಎರಡು ವರ್ಷ ಓಡಿಸಿದರು. 1966ರಲ್ಲಿ ಮಸ್ಟಾಂಗ್‌ಗಳ ಲೆಕ್ಕ ಹತ್ತು ಲಕ್ಷ ಮುಟ್ಟಿದಾಗ ಹೊಸದೊಂದನ್ನು ಪಡೆದು ಹಳೆಯದನ್ನು ಬಿಟ್ಟುಕೊಟ್ಟರು. ಅದೀಗ ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ.

ಇಬ್ಬರಲ್ಲಿ ಕಾರನ್ನು ಹೆಚ್ಚು ಪ್ರೀತಿಸಿದವರು ಯಾರು? ಉಳಿಸಿಕೊಂಡವರೇ ಎಂದು ಮನಸ್ಸು ಥಟ್ಟನೆ ಹೇಳುತ್ತದೆ. ಮೆಕ್ಯಾನಿಕ್‌ನನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಓಡದೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ, ಬ್ರೇಕು ಕಚ್ಚಿಕೊಳ್ಳುತ್ತದೆ, ಮಡಚಿಟ್ಟ ಬಟ್ಟೆಯ ಮಾಡು ಮಡಿಕೆಯಲ್ಲೇ ಹರಿಯುತ್ತದೆ. 'ಮಾರಲಾರೆ' ಎಂದು ಶೆಡ್ಡಿಗೆ ಬೀಗ ಹಾಕಿದವನು ಪ್ರೀತಿಯ ಹೆಸರಿನಲ್ಲಿ ಅದನ್ನು ಕೊಲ್ಲುತ್ತಿರುತ್ತಾನೆ. ಆ ಗಂಡನ ಹಟ ಕೊನೆಗೆ ಫಲ ಕೊಟ್ಟಿತು, ನಿಜ. ಆದರೆ ಎಷ್ಟೋ ಶೆಡ್ಡುಗಳಲ್ಲಿ ಆ 'ಮುಂದಿನ ವಾರ' ಬರುವುದೇ ಇಲ್ಲ. ಹಾಗೆಂದು ವಸ್ತುಸಂಗ್ರಹಾಲಯದ ಕಾರು ಸುಖವಾಗಿದೆ ಎನ್ನಲೂ ನನಗೆ ಮನಸ್ಸಿಲ್ಲ. ಗಾಳಿಗಾಗಿ ಮಾಡು ತೆಗೆದ ಗಾಡಿಗೆ ಅಲ್ಲಿ ಗಾಳಿಯೇ ಇಲ್ಲ.

ನಾನು ಓದಿದ ಎರಡು ಭಾಷೆಗಳಲ್ಲಿ ಒಂದು ಪದದ ಪಾಡು ತಮಾಷೆಯಾಗಿದೆ. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು, ಕಾಪಾಡಿ ಹಿಂದಿರುಗಿಸಬೇಕಾದದ್ದು. ಅದೇ ಪದ ಕನ್ನಡದ ಕಚೇರಿಗೆ ಬಂದು ನೌಕರರನ್ನು 'ಅಮಾನತು' ಮಾಡುತ್ತದೆ. ಶೆಡ್ಡಿನಲ್ಲಿ ಕೊಳೆಯುವ ಕಾರಿಗೆ ಕನ್ನಡದ ಅರ್ಥವೇ ಸರಿ ಅನ್ನಿಸುತ್ತದೆ. ಆದರೆ ವಸ್ತುವಿನ ಒಡೆತನವನ್ನು ಉರ್ದುವಿನ ಅರ್ಥದಲ್ಲಿ ನೋಡಿದರೆ ಮಾರಾಟವೆಂಬುದು ಬಿಟ್ಟುಬಿಡುವುದಲ್ಲ, ಒಪ್ಪಿಸುವುದು. ಒಪ್ಪಿಸುವವನಿಗೆ ಹಣ ಎಣಿಸಿಕೊಂಡ ಮೇಲೂ ಒಂದು ಹೊಣೆ ಉಳಿಯುತ್ತದೆ.

ಹಣಕ್ಕೆಂದೇ ಪ್ರೀತಿಸಿದವರ ಕಥೆ ಬೇರೆ. 1976ರಲ್ಲಿ ಕ್ಯಾಡಿಲಾಕ್ ಕಂಪನಿಯು ತನ್ನ ಎಲ್ಡೊರಾಡೊ ಕನ್ವರ್ಟಿಬಲ್ಲನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂಬಂತೆ ಮಾರಿತು. ಆ ವರ್ಷ 14,000 ಕಾರುಗಳು ಹೊರಬಂದವು. ಮುಂದೆ ಬಂಗಾರವಾದೀತೆಂದು ಹಲವರು ಕೊಂಡು, ಓಡಿಸದೆ ಮುಚ್ಚಿಟ್ಟರು. 1984ರ ಮಾದರಿಯಾಗಿ ಕಂಪನಿ ಮತ್ತೆ ಕನ್ವರ್ಟಿಬಲ್ ತಂದಾಗ ಮೋಸಹೋದೆವೆಂದು ಕೆಲವರು ಕೋರ್ಟಿಗೂ ಹೋದರು, ಗೆಲ್ಲಲಿಲ್ಲ. ಅವರ ಬಗ್ಗೆ ನನಗೆ ಹೆಚ್ಚು ಮರುಕ ಹುಟ್ಟುವುದಿಲ್ಲ. ಬೇಸಿಗೆಯ ಸಂಜೆ ಆ ಕಾರಿನ ಮಾಡು ಇಳಿಸಿ ಹೆಂಡತಿ-ಮಕ್ಕಳೊಡನೆ ಓಡಾಡಿದವನು ಕಳೆದುಕೊಂಡದ್ದಾದರೂ ಏನು?

ಹೊಣೆಯ ಮಾತಿಗೆ ಬರೋಣ. ಇಂಥ ಕಾರಿಗೆ ಮಾಡಿನ ಆಧಾರ ಇಲ್ಲದ್ದರಿಂದ ತಳವೇ ಗಟ್ಟಿ ಇರಬೇಕು. ಹಳೆಯ ಮಸ್ಟಾಂಗ್‌ಗಳಲ್ಲಿ ಮುಂದಿನ ಗಾಜಿನ ಕೆಳಗೆ ನೀರು ನುಗ್ಗಿ, ಕಾಲಡಿಯ ಜಮಖಾನೆ ತೇವಗೊಂಡು, ಅದರಡಿಯ ತಗಡು ತುಕ್ಕು ಹಿಡಿಯುತ್ತದೆ. ಮೇಲೆ ಪಟ್ಟಿ ಬಳಿದು ಬಣ್ಣ ಹೊಡೆದರೆ ಕಣ್ಣಿಗೆ ಕಾಣದು. ಅದಕ್ಕೇ ಅನುಭವಸ್ಥ ಗಿರಾಕಿ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಬರುತ್ತಾನೆ. ತಗಡಿದ್ದಲ್ಲಿ ಅದು ಅಂಟುತ್ತದೆ, ಪಟ್ಟಿಯಿದ್ದಲ್ಲಿ ಜಾರುತ್ತದೆ. ಅಮೆರಿಕದಲ್ಲಿ 1985ರಿಂದ ಹಳೆಯ ಕಾರು ಮಾರುವ ಡೀಲರುಗಳು ವಾರಂಟಿ ಉಂಟೋ ಇಲ್ಲವೋ ಎಂದು ತಿಳಿಸುವ ಚೀಟಿಯನ್ನು ಕಿಟಕಿಗೆ ಅಂಟಿಸಬೇಕು. ಮನೆಯಂಗಳದಲ್ಲಿ ತನ್ನ ಮೆಚ್ಚಿನ ಕಾರು ಮಾರುವವನಿಗೆ ಆ ನಿಯಮ ಇಲ್ಲ. ಅಲ್ಲಿ 'ಇದ್ದದ್ದು ಇದ್ದ ಹಾಗೆ' ಎಂಬ ಮಾತಿನ ಮೇಲೆಯೇ ವ್ಯವಹಾರ.

ಪ್ರೀತಿ ಕೆಲಸ ಕೆಡಿಸುವುದು ಇಲ್ಲಿಯೇ. ಯಾವ ಡೀಲರಿಗಿಂತಲೂ ಚೆನ್ನಾಗಿ ಆ ಕಾರಿನ ಐಬು ಗೊತ್ತಿರುವುದು ಅದನ್ನು ಪ್ರೀತಿಸಿದವನಿಗೆ. ಮಗಳ ಸಂಬಂಧ ನೋಡಲು ಬಂದವರ ಮುಂದೆ ಕುಳಿತ ತಂದೆಯ ಹಾಗೆ ಅದನ್ನು ಮುಚ್ಚಿಡುವವನೂ ಅವನೇ. ಹಣದಾಸೆ ಒಂದೇ ಕಾರಣವಲ್ಲ. ತನ್ನದನ್ನು ಯಾರೂ ಕೀಳಾಗಿ ಕಾಣಬಾರದೆಂಬ ಅಭಿಮಾನವೂ ಅವನ ಬಾಯಿ ಕಟ್ಟುತ್ತದೆ.

ಇದನ್ನು ಪರರ ಬಗ್ಗೆ ಬರೆಯುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಅಬ್ಬಾ ತೀರಿಕೊಂಡ ಮರುವರ್ಷ, 2012ರಲ್ಲಿ, ನಾನು ಅವರ ಯೆಜ್ಡಿ ಮಾರಿದೆ. ಮೈಸೂರಿನ ಕಾರ್ಖಾನೆಯ ಗಾಡಿ, ಕಿಕ್ಕರಿಗೂ ಗೇರಿಗೂ ಒಂದೇ ಕಡ್ಡಿ. ಕೊಳ್ಳಲು ಬಂದವನು ಗ್ಯಾರೇಜಿನಲ್ಲಿ ದುಡಿಯುವ ಹುಡುಗ. ಎಂಜಿನ್ ಕಾದ ಮೇಲೆ ಮೂರನೇ ಗೇರು ಜಾರುತ್ತಿತ್ತು. ಅವನು ಬಂದದ್ದು ಬೆಳಗ್ಗೆ, ಎಂಜಿನ್ ತಣ್ಣಗಿತ್ತು. ಓಣಿಯ ತುದಿಯವರೆಗೆ ಓಡಿಸಿ ಬಂದು 'ಚೆನ್ನಾಗಿದೆ ಸಾಹೇಬ್ರೇ' ಎಂದ. 'ಅಬ್ಬಾ ಮಗುವಿನ ಹಾಗೆ ನೋಡಿಕೊಂಡಿದ್ದರು' ಎಂದೆ. ಅದು ಸುಳ್ಳಲ್ಲ. ಗೇರಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಒಳಗೆ ಅಮ್ಮಿ ಅಳುತ್ತಿದ್ದರು. ಬೇಗ ಮುಗಿದರೆ ಸಾಕೆಂದು ಮಾತು ನುಂಗಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

ಎರಡು ವರ್ಷದ ಮೇಲೆ ಬಸ್ ನಿಲ್ದಾಣದ ಎದುರು ಅವನೇ ಸಿಕ್ಕಿದ. ಗಾಡಿ ಅಬ್ಬಾ ಇದ್ದಾಗಿಗಿಂತ ಹೊಳೆಯುತ್ತಿತ್ತು. ಅದೇ ಸದ್ದು. 'ಮೂರನೇ ಗೇರು ಜಾರ್ತಿತ್ತು, ಬಿಚ್ಚಿ ಸರಿ ಮಾಡಿದೆ ಸಾಹೇಬ್ರೇ. ದೊಡ್ಡ ಸಾಹೇಬ್ರಿಗೆ ಗೊತ್ತಿರಲಿಲ್ಲವೇನೋ' ಎಂದ.

ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು ಎಂದೆ. ರಿಪೇರಿಗೆ ಎಷ್ಟಾಯಿತೆಂದು ಕೇಳಿದರೆ ಹುಡುಗ ಹೇಳಲಿಲ್ಲ. ಗಾಡಿಯನ್ನು ನನ್ನ ಮುಂದೆ ನಿಲ್ಲಿಸಿ, ಒಂದು ಸುತ್ತು ಹೋಗಿ ಬನ್ನಿ ಎಂದ.