ಎಲ್ಲರಿಗೂ ಒಂದೇ ಅಳತೆ ನ್ಯಾಯವೋ?

ಹತ್ತನೆಯ ತರಗತಿಯ ಪರೀಕ್ಷೆಯ ಕಾಲ ಬಂದಾಗ ನಮ್ಮ ಹಳ್ಳಿಗಳಲ್ಲಿ ಒಂದು ಮಾತು ಕೇಳಬರುವದುಂಟು. ಒಬ್ಬ ಹುಡುಗನಿಗೆ ಮೂರು ತಾಸು, ಇನ್ನೊಬ್ಬನಿಗೆ ನಾಲ್ಕು ತಾಸು. ಒಬ್ಬನು ತನ್ನ ಕೈಯಿಂದಲೇ ಬರೆಯಬೇಕು, ಇನ್ನೊಬ್ಬನು ಬಾಯಿಂದ ಹೇಳಿದರೆ ಸಾಕು, ಬೇರೊಬ್ಬನು ಬರೆದುಕೊಡುವನು. ಇದು ಯಾವ ನ್ಯಾಯ ಎಂಬದೇ ಆ ಮಾತು. ಇದನ್ನು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಬಿಡಲಾಗದು. ಪಕ್ಷಪಾತವು ಕೆಟ್ಟದ್ದೆಂದು ನಾವೆಲ್ಲರೂ ಒಪ್ಪುತ್ತೇವೆ. ಹಾಗಾದರೆ ಒಂದೇ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಹೆಚ್ಚು ಸಹಾಯ ಮಾಡುವದು ಪಕ್ಷಪಾತವಲ್ಲವೋ ಎಂದು ವಿಚಾರಿಸುವದು ಯೋಗ್ಯವೇ.

ಮೊದಲು ಕಾನೂನು ಏನು ಹೇಳುತ್ತದೆಂದು ತಿಳಿಯೋಣ. 1995ರ ಕಾಯಿದೆಯು ಏಳು ವಿಧದ ವೈಕಲ್ಯಗಳನ್ನು ಎಣಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ವಿಧಗಳನ್ನು ಎಣಿಸುತ್ತದೆ. ಕಣ್ಣು, ಕಿವಿ, ಕೈಕಾಲುಗಳ ಕೊರತೆಯಲ್ಲದೆ, ಬುದ್ಧಿ ಚುರುಕಾಗಿದ್ದರೂ ಅಕ್ಷರಗಳನ್ನು ಕೂಡಿಸಿ ಓದಲು ಬರೆಯಲು ಬಹಳ ಕಷ್ಟಪಡುವ ಮಕ್ಕಳ ಕಲಿಕಾ ನ್ಯೂನತೆಯೂ ಇದರಲ್ಲಿ ಸೇರಿದೆ. ಇಂಥ ಮಗುವನ್ನು ನಾವು ಎಷ್ಟೋ ಕಾಲ ಸೋಮಾರಿಯೆಂದು ಬೈದಿದ್ದೇವೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರಹಗಾರನ ಸಹಾಯ, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿ, ಇವುಗಳನ್ನು ಅದೇ ಅಧಿನಿಯಮವು ಹೇಳುತ್ತದೆ. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಹೆಚ್ಚಿನ ಸಮಯವು ತಾಸಿಗೆ 20 ನಿಮಿಷಕ್ಕೆ ಕಡಿಮೆಯಾಗಬಾರದೆಂದಿತ್ತು. ಅಭ್ಯರ್ಥಿಯು ತಾನೇ ಬರಹಗಾರನನ್ನು ಕರೆತಂದರೆ ಆ ಬರಹಗಾರನ ವಿದ್ಯೆಯು ಅಭ್ಯರ್ಥಿಯ ವಿದ್ಯೆಗಿಂತ ಒಂದು ಮೆಟ್ಟಲು ಕೆಳಗಿರಬೇಕೆಂದೂ ಅದರಲ್ಲಿತ್ತು. ಈ ಕಡೆಯ ನಿಯಮವನ್ನು ಗಮನಿಸಿರಿ. ಬರಹಗಾರನು ತನ್ನ ಕೈಯನ್ನು ಸಾಲ ಕೊಡುವನೇ ಹೊರತು ತನ್ನ ತಲೆಯನ್ನು ಸಾಲ ಕೊಡುವದಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರದ ಬೀಜವಿದೆ. ಪರೀಕ್ಷೆಯು ಅಳೆಯುವದು ಏನನ್ನು? ಇತಿಹಾಸದ ಪರೀಕ್ಷೆಯು ಇತಿಹಾಸದ ತಿಳುವಳಿಕೆಯನ್ನು ಅಳೆಯಬೇಕು. ಬೆರಳುಗಳ ವೇಗವನ್ನಾಗಲಿ ಕಣ್ಣಿನ ನೋಟವನ್ನಾಗಲಿ ಅಳೆಯಬೇಕಾದದ್ದಿಲ್ಲ. ಕುರುಡ ಹುಡುಗನಿಗೆ ಅಚ್ಚಿನ ಪ್ರಶ್ನೆಪತ್ರಿಕೆಯನ್ನು ಕೊಟ್ಟು ಎಲ್ಲರಿಗೂ ಒಂದೇ ಪತ್ರಿಕೆ ಕೊಟ್ಟೆವೆಂದು ಹೇಳಿದರೆ ನಾವು ಆತನ ವಿದ್ಯೆಯನ್ನು ಅಳೆದಂತಾಗಲಿಲ್ಲ, ಆತನ ಕುರುಡುತನವನ್ನೇ ಎರಡನೆಯ ಸಾರಿ ಅಳೆದಂತಾಯಿತು. 2021ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಬರೆಯಲು ಕೈ ಸಾಗದ ಒಬ್ಬ ಅಭ್ಯರ್ಥಿಯ ವಿಷಯದಲ್ಲಿ, ವೈಕಲ್ಯವು ಶೇಕಡಾ 40ರ ಗೆರೆಯನ್ನು ಮುಟ್ಟದಿದ್ದರೂ ಬರಹಗಾರನ ಸಹಾಯವನ್ನು ನಿರಾಕರಿಸಬಾರದೆಂದು ತೀರ್ಪು ಕೊಟ್ಟಿತು.

ಕಮಲಾಪುರದ ರೈತರು ಈ ಸಂಗತಿಯನ್ನು ತಮ್ಮ ಕೆಂಪು ಬಾಳೆಯಲ್ಲಿ ಬಲ್ಲರು. ಬೇರೆ ಬಾಳೆಯು ಸುಮಾರು ಒಂದು ವರುಷದಲ್ಲಿ ಕೊಯ್ಲಿಗೆ ಬಂದರೆ ಇದು ಸುಮಾರು ಒಂದೂವರೆ ವರುಷ ತೆಗೆದುಕೊಳ್ಳುವದು. ಹನ್ನೆರಡನೆಯ ತಿಂಗಳಲ್ಲಿ ಗೊನೆ ಬಲಿಯಲಿಲ್ಲವೆಂದು ಗಿಡವನ್ನು ಕಡಿದುಹಾಕುವ ರೈತನುಂಟೋ? ಆತನು ಕಾಲವನ್ನು ಹೆಚ್ಚು ಕೊಡುತ್ತಾನೆ; ಆದರೆ ಹಣ್ಣನ್ನು ತೂಗುವಾಗ ತಕ್ಕಡಿಯನ್ನು ಬದಲಿಸುವದಿಲ್ಲ. ಕಾಲವು ಬೇರೆ, ತೂಕವು ಬೇರೆ. ಪರೀಕ್ಷೆಯ ಕೋಣೆಯೊಳಗೆ ಚೀಟಿಯನ್ನು ಎಸೆಯುವದು ತಕ್ಕಡಿಯನ್ನು ಕೆಡಿಸುವ ಕೆಲಸ. ನಿಧಾನವಾಗಿ ಬರೆಯುವವನಿಗೆ ಇನ್ನೊಂದು ತಾಸು ಕೊಡುವದು ಗಿಡವನ್ನು ಕಾಯುವ ಕೆಲಸ.

ಇನ್ನು ಎರಡನೆಯ ವಿಧದ ಮಕ್ಕಳ ಸಂಗತಿಯನ್ನು ನೋಡೋಣ. ಇವರಿಗೆ ಯಾವ ವೈಕಲ್ಯವೂ ಇಲ್ಲ. ಪಾಠದ ಭಾಷೆಯೇ ಇವರಿಗೆ ಅಡ್ಡಗೋಡೆ. ಕಮಲಾಪುರದ ಸುತ್ತಲಿನ ತಾಂಡಾಗಳಲ್ಲಿ ಮಗುವು ತಾಯಿಯ ತೊಡೆಯ ಮೇಲೆ ಲಂಬಾಣಿ ಮಾತನ್ನು ಕಲಿಯುವದು. ಶಾಲೆಯಲ್ಲಿ ಕನ್ನಡವು ಅದಕ್ಕೆ ಎರಡನೆಯದು, ಇಂಗ್ಲಿಷು ಮೂರನೆಯದು. ಕಲಬುರಗಿ ನಗರದಲ್ಲಿ ಮನೆಯೊಳಗೆ ಉರ್ದು ಆಡುವ ಮಕ್ಕಳು ಅನೇಕರು. 2010ರಿಂದ ನಮ್ಮ ರಾಜ್ಯದ ಹಿಂದುಳಿದ ತಾಲ್ಲೂಕುಗಳಲ್ಲಿ ನಡೆಯುತ್ತಿರುವ ಆದರ್ಶ ವಿದ್ಯಾಲಯಗಳಲ್ಲಿ, ಐದನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿದ ಮಗುವು ಆರನೆಯದರಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಇಂಗ್ಲಿಷಿನಲ್ಲಿ ಓದಬೇಕಾಗುವದು. ಆ ಮಗುವು ಬಾಯಿ ಮುಚ್ಚಿ ಕೂತರೆ ನಾವು ಅದಕ್ಕೆ ತಲೆಯಿಲ್ಲ ಎನ್ನುತ್ತೇವೆ.

ಈ ಮಾತು ನಮ್ಮ ಹಿರಿಯರಿಗೂ ತಗಲಿದ್ದನ್ನು ಮರೆಯಬಾರದು. ಈ ಸೀಮೆಯು 1948ರ ಸೆಪ್ಟೆಂಬರಿನ ವರೆಗೆ ನಿಜಾಮರ ಆಳಿಕೆಯಲ್ಲಿದ್ದಾಗ ಕನ್ನಡ ಮನೆಯ ಹುಡುಗನು ಹೈಸ್ಕೂಲಿನ ವಿದ್ಯೆಯನ್ನು ಉರ್ದುವಿನಲ್ಲಿ ಪಡೆಯಬೇಕಾಗಿತ್ತು. ಆ ಕಾಲದಲ್ಲಿ ಶಾಲೆ ಬಿಟ್ಟು ಹೊಲಕ್ಕೆ ಹೋದವರೆಲ್ಲರೂ ದಡ್ಡರಾಗಿದ್ದರೆಂದು ನಾವು ಹೇಳುವದಿಲ್ಲ. ನಮ್ಮ ಅಜ್ಜಂದಿರ ವಿಷಯದಲ್ಲಿ ಹೇಳದ ಮಾತನ್ನು ತಾಂಡಾದ ಮಗುವಿನ ವಿಷಯದಲ್ಲಿ ಹೇಳುವದು ಹೇಗೆ?

ಅಮೇರಿಕ ದೇಶದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿಯೂ ಇದೇ ವಿವಾದ ಎದ್ದಿತ್ತು. ಇಂಗ್ಲಿಷು ತಿಳಿಯದ ಸುಮಾರು 1,800 ಚೀನೀ ಮಕ್ಕಳಿಗೆ ಭಾಷೆಯ ವಿಶೇಷ ಪಾಠವು ದೊರೆಯದೆ ಇತ್ತು. ಎಲ್ಲರಿಗೂ ಅದೇ ಕಟ್ಟಡ, ಅದೇ ಪುಸ್ತಕ, ಅದೇ ಉಪಾಧ್ಯಾಯರು ಇರುವಾಗ ಅನ್ಯಾಯವೆಲ್ಲಿ ಎಂದು ವಾದವಾಯಿತು. ಅರ್ಥವಾಗದ ಮಕ್ಕಳಿಗೆ ಅದೇ ಪುಸ್ತಕವನ್ನು ಕೊಟ್ಟ ಮಾತ್ರಕ್ಕೆ ಸಮಾನತೆಯಾಗದು ಎಂಬ ಭಾವದ ತೀರ್ಪನ್ನು ಅಲ್ಲಿಯ ಉಚ್ಚತಮ ನ್ಯಾಯಾಲಯವು 1974ರಲ್ಲಿ ಕೊಟ್ಟಿತು.

ಆದರೆ ಇಲ್ಲಿ ಎರಡು ತಪ್ಪುಗಳ ವಿಷಯದಲ್ಲಿ ಎಚ್ಚರವಾಗಿರಬೇಕು. ಮೊದಲನೆಯದು, ಭಾಷೆ ಬಾರದ ಮಗುವನ್ನು ಬುದ್ಧಿ ಕಡಿಮೆಯಾದದ್ದೆಂದು ಎಣಿಸುವದು, ಮತ್ತು ಕಿವಿ ಮಂದವಾದ ಮಗುವನ್ನು ಭಾಷೆ ಬಾರದ್ದೆಂದು ಬಿಟ್ಟುಬಿಡುವದು. ಎರಡಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಪಾಠದ ಹೊಸ ಶಬ್ದಗಳನ್ನು ಮುಂಚಿತವಾಗಿ ಅದರ ಮಾತಿನಲ್ಲಿ ತಿಳಿಸುವ ಒಬ್ಬ ದೊಡ್ಡ ಹುಡುಗನು ಬೇಕು. ಇನ್ನೊಂದಕ್ಕೆ ವೈದ್ಯನೂ ಶ್ರವಣಯಂತ್ರವೂ ಮುಂದಿನ ಸಾಲಿನ ಸ್ಥಳವೂ ಬೇಕು. ಎರಡನೆಯ ತಪ್ಪು, ವಿನಾಯಿತಿಯನ್ನೇ ಸಹಾಯವೆಂದು ತಿಳಿಯುವದು. ಇಂಗ್ಲಿಷನ್ನು ಕಲಿಯಬಲ್ಲ ಮಗುವಿಗೆ, ಕಲಿಸುವ ಶ್ರಮ ತಪ್ಪಲಿ ಎಂದು ವಿನಾಯಿತಿಯನ್ನು ಕೊಡಿಸಿದರೆ, ಅದರ ಮುಂದಿನ ಬಾಗಲನ್ನು ನಾವೇ ಮುಚ್ಚಿದ ಹಾಗಾಯಿತು. ಹೊರೆಯನ್ನು ಹಗುರ ಮಾಡುವದು ದಯೆ; ನಡೆಯಬಲ್ಲವನನ್ನು ಹಾದಿಯಲ್ಲಿಯೇ ಕೂರಿಸುವದು ದಯೆಯಲ್ಲ.

ಒಂದು ಮಗುವಿಗೋಸ್ಕರ ಉಪಾಧ್ಯಾಯನು ನಿಂತರೆ ಉಳಿದ ಮಕ್ಕಳ ಪಾಠ ಹಿಂದೆ ಬೀಳುವದಲ್ಲಾ ಎಂದು ಕೆಲವರು ಕೇಳುವರು. ಈ ಮಾತಿನಲ್ಲಿ ಸತ್ಯವಿದೆ. ಆದಕಾರಣವೇ ಈ ಹೊರೆಯನ್ನು ಒಬ್ಬ ಉಪಾಧ್ಯಾಯನ ಹೆಗಲಿಗೆ ಹಾಕದೆ ಎಲ್ಲರೂ ಹೊರಬೇಕು. ಆದರೆ ನಿಧಾನವಾಗಿ ಸ್ಪಷ್ಟವಾಗಿ ಮಾತಾಡುವದು, ಹಲಗೆಯ ಮೇಲೆ ದೊಡ್ಡದಾಗಿ ಬರೆಯುವದು, ಕಠಿನ ಶಬ್ದವನ್ನು ಬಿಡಿಸಿ ಹೇಳುವದು, ಇವು ಒಬ್ಬನಿಗೋಸ್ಕರ ಮಾಡಿದರೂ ಎಲ್ಲರಿಗೂ ಉಪಕಾರವಾಗುವವು.

ಹೆತ್ತವರು ಮಾಡತಕ್ಕ ಕೆಲಸವೂ ಉಂಟು. ಮಗುವಿನ ಕೊರತೆಯು ತಂದೆತಾಯಿಗಳ ಪಾಪದ ಫಲವೆಂಬ ಮಾತಿಗೆ ಅಂಜಿ ಅದನ್ನು ಮನೆಯಲ್ಲಿ ಬಚ್ಚಿಡಬಾರದು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು 14 ವರುಷಕ್ಕೆ ನಿಂತರೂ, ವೈಕಲ್ಯವು ಶೇಕಡಾ 40 ಅಥವಾ ಹೆಚ್ಚಿರುವ ಮಗುವಿಗೆ ಉಚಿತ ವಿದ್ಯೆಯ ಹಕ್ಕು 18 ವರುಷದ ವರೆಗೆ ಉಂಟು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಸಹಾಯಧನವೂ ನೇಮಿಸಲ್ಪಟ್ಟಿದೆ. ಆದರೆ ಇವು ದೊರೆಯಲು ಪ್ರಮಾಣಪತ್ರ ಬೇಕು. ಪರೀಕ್ಷೆಯ ತಿಂಗಳಲ್ಲಿ ಆಸ್ಪತ್ರೆಗೆ ಓಡದೆ, ಎಂಟನೆಯ ತರಗತಿಯಲ್ಲಿರುವಾಗಲೇ ಅದನ್ನು ಮಾಡಿಸಿ ಮುಖ್ಯೋಪಾಧ್ಯಾಯರ ಕೈಗೆ ಕೊಡಬೇಕು. ಕೂಲಿಯನ್ನು ಬಿಟ್ಟು ಕಮಲಾಪುರದಿಂದ ಕಲಬುರಗಿಗೆ ಹೋಗಲಾರದ ತಾಯಿಯೊಬ್ಬಳಿದ್ದರೆ, ಓದುಬಲ್ಲ ನೆರೆಯವನು ಅವಳ ಸಂಗಡ ಹೋಗಲಿ. ಶಾಲೆಗೆ ಬಾರದ ಮಗುವಿನ ಮನೆಯ ಬಾಗಲಿಗೆ ಹಿರಿಯರು ಒಂದು ಸಾರಿ ಹೋಗಲಿ.

ಆದದರಿಂದ, ಪ್ರಿಯರೇ, ಸಮನಾಗಿ ಹಂಚುವದೇ ಎಲ್ಲಾ ಕಾಲದಲ್ಲಿ ನ್ಯಾಯವೆಂದು ತಿಳಿಯದಿರೋಣ. ಪ್ರತಿಯೊಬ್ಬನೂ ತಾನು ಕಲಿತದ್ದನ್ನು ತೋರಿಸುವದಕ್ಕೆ ಅವನಿಗೆ ಅಡ್ಡವಾದದ್ದನ್ನು ತೆಗೆದುಹಾಕಿ, ಆ ಮೇಲೆ ಒಂದೇ ತಕ್ಕಡಿಯಲ್ಲಿ ತೂಗುವದೇ ನ್ಯಾಯ. ಮುಂದಿನ ಪರೀಕ್ಷೆಯಲ್ಲಿ ನಮ್ಮ ಊರಿನ ಒಂದು ಮಗುವಿಗೆ ಇನ್ನೊಂದು ತಾಸು ದೊರೆತರೆ, ಅದು ಯಾರ ಪಾಲನ್ನೂ ಕಸಕೊಂಡದ್ದಲ್ಲವೆಂದು ನಾವು ನಮ್ಮ ಮಕ್ಕಳಿಗೂ ತಿಳಿಸಿ ಹೇಳೋಣ.