ನೂಲಿನೊಳಗಿನ ಅವಯವಿ

ಬಟ್ಟೆ ನೂಲಿಗಿಂತ ಬೇರೆಯೇ? ನಮ್ಮ ದರ್ಶನಕಾರರು ಶತಮಾನಗಟ್ಟಲೆ ಈ ಪ್ರಶ್ನೆಯನ್ನು ಹಿಡಿದು ಜಗ್ಗಾಡಿದ್ದಾರೆ. ಬೇರೆ ಎಂದವರು ನೈಯಾಯಿಕರು: ನೂಲುಗಳು ಕೂಡಿದಾಗ ಅವಯವಿ ಎಂಬ ಹೊಸ ದ್ರವ್ಯವೇ ಹುಟ್ಟುತ್ತದೆ. ಬೌದ್ಧರು ಇದನ್ನು ಒಪ್ಪಲಿಲ್ಲ. ಇರುವುದು ಬಿಡಿಭಾಗಗಳು ಮಾತ್ರ, ಬಟ್ಟೆ ಎಂಬುದು ವ್ಯವಹಾರಕ್ಕೆ ನಾವಿಟ್ಟುಕೊಂಡ ಹೆಸರು. ಶಂಕರರೂ ತಮ್ಮದೇ ಕಾರಣಕ್ಕೆ ಬಟ್ಟೆಯನ್ನು ನೂಲಿನಿಂದ ಬೇರ್ಪಡಿಸಲಿಲ್ಲ. ವೈಶೇಷಿಕರಂತೂ ನೂಲು, ಎಳೆ ಎಂದು ಒಳಗೊಳಗೆ ಇಳಿಯುತ್ತ ಪರಮಾಣುವಿನವರೆಗೆ ಹೋದರು. ಆದರೆ ಎಳೆಗೂ ಪರಮಾಣುವಿಗೂ ನಡುವೆ ಏನಿದೆಯೆಂದು ನೋಡುವ ಸಾಧನ ಆಗ ಯಾರಲ್ಲೂ ಇರಲಿಲ್ಲ. ಈಗ ಇದೆ. ಅಲ್ಲಿ ಕಂಡದ್ದನ್ನು ಮುಂದಿಟ್ಟುಕೊಂಡರೆ ಈ ಹಳೆಯ ವ್ಯಾಜ್ಯದಲ್ಲಿ ಎರಡೂ ಪಕ್ಷಗಳು ಸ್ವಲ್ಪ ಹಿಂದೆ ಸರಿಯಬೇಕಾಗುತ್ತದೆ ಎಂಬುದು ನನ್ನ ವಾದ.

ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸ್. ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ 1838ರಲ್ಲಿ ಸಸ್ಯಗಳಿಂದ ಬೇರ್ಪಡಿಸಿ ಗುರುತಿಸಿದ ವಸ್ತು ಇದು. ಗ್ಲೂಕೋಸ್ ಕಣಗಳು ಒಂದಕ್ಕೊಂದು ಸೇರಿದ ಉದ್ದನೆಯ ಸರಪಳಿ. ಅನ್ನದಲ್ಲಿರುವ ಪಿಷ್ಟವೂ ಗ್ಲೂಕೋಸಿನದೇ ಸರಪಳಿ. ಆದರೆ ಅಲ್ಲಿ ಕೊಂಡಿ ಕೂಡುವ ದಿಕ್ಕು ಬೇರೆ, ಹಾಗಾಗಿ ಸರಪಳಿ ಸುರುಳಿಯಾಗುತ್ತದೆ, ನಮಗೆ ಜೀರ್ಣವಾಗುತ್ತದೆ. ಸೆಲ್ಯುಲೋಸಿನಲ್ಲಿ ಪ್ರತಿ ಕಣವೂ ಪಕ್ಕದ್ದಕ್ಕೆ ಬೆನ್ನುಮಗುಚಿ ಕೂರುವುದರಿಂದ ಸರಪಳಿ ನೆಟ್ಟಗಿರುತ್ತದೆ. ಇಂಥ ಹಲವು ಸರಪಳಿಗಳು ಒತ್ತಾಗಿ ಮಲಗಿ, ಹೈಡ್ರೋಜನ್ ಬಂಧಗಳಿಂದ ಬಿಗಿದುಕೊಂಡರೆ ಸುಮಾರು 3 ನ್ಯಾನೋಮೀಟರ್ ದಪ್ಪದ ಸೂಕ್ಷ್ಮನಾರು, ಅಂದರೆ ಮೈಕ್ರೋಫೈಬ್ರಿಲ್. ಉದ್ದಕ್ಕೆ ಎಳೆದರೆ ಅದರ ಹರಳಿನ ಬಿಗುವು ಉಕ್ಕಿನ ಮೂರನೇ ಎರಡರಷ್ಟು. ಸಾಂದ್ರತೆ ಮಾತ್ರ ಉಕ್ಕಿನ ಐದನೇ ಒಂದು ಪಾಲು. ನೀರಿಗೆ ಬಿದ್ದೊಡನೆ ಕರಗುವ ಗ್ಲೂಕೋಸಿನಿಂದಲೇ ಆದ ಅಂಗಿ ಮಳೆಯಲ್ಲಿ ಕರಗದಿರುವುದಕ್ಕೆ ಕಾರಣ ಈ ಜೋಡಣೆ.

ನೈಯಾಯಿಕರಿಗೆ ಎದುರಾದ ಹಳೆಯ ಆಕ್ಷೇಪವೊಂದಿದೆ: ಬಟ್ಟೆ ಹೊಸ ದ್ರವ್ಯವಾದರೆ ತಕ್ಕಡಿಯಲ್ಲಿ ನೂಲಿನ ತೂಕದ ಜೊತೆಗೆ ಬಟ್ಟೆಯದೂ ಕಾಣಬೇಕಲ್ಲ? ಕಾಣುವುದಿಲ್ಲ. ಸೂಕ್ಷ್ಮನಾರಿನಲ್ಲೂ ಸರಪಳಿಗಳನ್ನು ಬಿಟ್ಟು ಹೆಚ್ಚಿನ ದ್ರವ್ಯವೇನೂ ಸಿಕ್ಕಿಲ್ಲ. ಇಲ್ಲಿಯವರೆಗೆ ಬೌದ್ಧರದೇ ಮೇಲುಗೈ. ಆದರೆ 1850ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಪೇಟೆಂಟ್ ಪಡೆದ ಕ್ರಮವನ್ನು ನೋಡಿ. ಹತ್ತಿಯನ್ನು ಕಾಸ್ಟಿಕ್ ಸೋಡಾದ ಗಾಢ ದ್ರಾವಣದಲ್ಲಿ ನೆನೆಸಿ ತೊಳೆದರೆ ಸರಪಳಿಯೊಳಗಿನ ಒಂದು ಕೊಂಡಿಯೂ ಬದಲಾಗಬೇಕಿಲ್ಲ. ಆದರೂ ಎಳೆ ಉಬ್ಬುತ್ತದೆ, ಬಣ್ಣವನ್ನು ಚೆನ್ನಾಗಿ ಹೀರುತ್ತದೆ. ಒಳಗೆ ನಡೆದದ್ದು ಸಾಲು ಬದಲಾವಣೆ: ಒಂದೇ ದಿಕ್ಕಿಗೆ ಮುಖಮಾಡಿದ್ದ ಸರಪಳಿಗಳು ಎದುರುಬದುರು ದಿಕ್ಕಿನ ಹರಳಾಗಿ ಕೂತವು. ಭಾಗಗಳು ಅವೇ, ತೂಕ ಅದೇ, ನಡತೆ ಬೇರೆ. ಬಟ್ಟೆ ಬರೀ ಹೆಸರಾಗಿದ್ದರೆ ಈ ಬದಲಾವಣೆಯನ್ನು ಯಾವುದರ ಲೆಕ್ಕಕ್ಕೆ ಬರೆಯುವುದು?

ಭಾಗಗಳಿಗೇ ಅಂಟಿಕೊಂಡವರು ಸುಮ್ಮನಿರುವುದಿಲ್ಲ. ಜೋಡಣೆಯೂ ಕಣಗಳ ಸ್ವಭಾವದಿಂದಲೇ ಬಂದದ್ದು, ಗ್ಲೂಕೋಸನ್ನು ಪೂರ್ತಿ ತಿಳಿದವನು ಸೂಕ್ಷ್ಮನಾರನ್ನೂ ಹೇಳಬಲ್ಲ ಎನ್ನುತ್ತಾರೆ. ಗಟ್ಟಿಯಾದ ಆಕ್ಷೇಪವೇ. ಆದರೆ ಸರಪಳಿಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಹೆಚ್ಚು ಸ್ಥಿರವಾದ ರೂಪ ಮರ್ಸರನ ಕ್ರಮದಿಂದ ಸಿಗುವುದು, ಗಿಡದಲ್ಲಿರುವುದಲ್ಲ. ಗಿಡದ ರೂಪ ಒಮ್ಮೆ ಹೋದರೆ ತಾನಾಗಿ ಮರಳುವುದೂ ಇಲ್ಲ. ಅದು ಉಂಟಾಗುವುದು ಜೀವಕೋಶದ ಪೊರೆಯಲ್ಲಿರುವ ಆರು ದಳದ ಕಿಣ್ವಗಳ ಗುಂಪು ಹಲವು ಸರಪಳಿಗಳನ್ನು ಒಟ್ಟಿಗೆ, ಒಂದೇ ತುದಿಯಿಂದ ಹೆಣೆದು ಹೊರಬಿಡುವುದರಿಂದ. ಸೂಕ್ಷ್ಮನಾರಿಗೆ ವಿವರಣೆ ಕೊಡಬೇಕಾದರೆ ಅದರೊಳಗಿಲ್ಲದ, ಅದರ ಹುಟ್ಟಿಗೆ ಸೇರಿದ ಸಂಗತಿಯನ್ನು ಹೇಳಲೇಬೇಕು. ಆ ಕಿಣ್ವಗಳೂ ಕಣಗಳೇ ಅಲ್ಲವೇ ಎಂದರೆ, ಹೌದು. ಆದರೆ ಅವು ಈ ವಸ್ತುವಿನ ಅವಯವಗಳಲ್ಲ. ಅಲ್ಲಿಗೆ ಆಕ್ಷೇಪ ತನ್ನ ಮೂಲ ಪ್ರತಿಜ್ಞೆಯನ್ನೇ ಬಿಟ್ಟುಕೊಟ್ಟಂತಾಯಿತು. (ಹೆಣೆಯುವವನೊಬ್ಬ ಬೇಕೆಂದಾದರೆ ಈಶ್ವರನೂ ಸಿದ್ಧಿಸಿದ ಎಂದು, ಈಶ್ವರನನ್ನು ತರ್ಕದಿಂದ ಸಾಧಿಸಹೊರಟ ನೈಯಾಯಿಕ ಉದಯನಾಚಾರ್ಯರ ಕಡೆಯವರು ಹಿಗ್ಗಬೇಕಿಲ್ಲ. 2006ರಲ್ಲಿ ಸಾಸಿವೆ ಜಾತಿಯ ಪುಟ್ಟ ಗಿಡವೊಂದರ ಕೋಶಗಳಲ್ಲಿ ಕಂಡಂತೆ, ಆ ಗುಂಪುಗಳು ಪೊರೆಯಡಿಯ ಸೂಕ್ಷ್ಮನಳಿಕೆಗಳ ಜಾಡು ಹಿಡಿದು ಸಾಗುತ್ತವೆ. ಇಲ್ಲಿ ಮಗ್ಗವೂ ಗಿಡದೊಳಗೇ ಇದೆ.)

ನ್ಯಾಯ-ವೈಶೇಷಿಕದ ಪ್ರವೇಶಗ್ರಂಥವಾದ ಅನ್ನಂಭಟ್ಟನ ತರ್ಕಸಂಗ್ರಹ ಬಟ್ಟೆಗೆ ಮೂರು ಕಾರಣ ಹೇಳುತ್ತದೆ: ಬಟ್ಟೆ ನೆಲೆಸುವ ದ್ರವ್ಯವಾದ ನೂಲು ಸಮವಾಯಿ, ನೂಲುಗಳ ಸಂಯೋಗ ಅಸಮವಾಯಿ, ಹೊರಗಿನ ಸಾಧನಗಳಾದ ಲಾಳಿ ಮಗ್ಗಗಳು ನಿಮಿತ್ತ. ವಾದವೆಲ್ಲ ಮೊದಲನೆಯದರ ಸುತ್ತಲೇ ಸುತ್ತಿತು. ಎರಡನೆಯದು ಪರೀಕ್ಷೆಗೆ ಬಾಯಿಪಾಠ ಮಾಡುವ ಪರಿಭಾಷೆಯಾಗಿ ಉಳಿಯಿತು. ನನ್ನ ಮಟ್ಟಿಗೆ ಅವಯವಿಯ ಸತ್ಯವಿರುವುದು ಅಲ್ಲಿಯೇ: ಅದು ಇನ್ನೊಂದು ದ್ರವ್ಯವಲ್ಲ, ಸಂಯೋಗದ ಕ್ರಮ. ಬಟ್ಟೆಯಾದ ಮೇಲೆ ನಿಮಿತ್ತಕ್ಕೆ ಕೆಲಸವಿಲ್ಲ ಎಂಬ ಮಾತೂ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಗಿಡ ಒಣಗಿದ ಮೇಲೂ ಅದರ ಹೆಣಿಗೆಯ ದಿಕ್ಕು ಸೂಕ್ಷ್ಮನಾರಿನಲ್ಲಿ ಉಳಿದಿರುತ್ತದೆ. ತರ್ಕದ ಪಾಠ ಹೇಳುವವರು ಮುಂದಿನ ಸಲ ತಂತು-ಪಟದ ಉದಾಹರಣೆಗೆ ಬಂದಾಗ ನೂಲಿನಲ್ಲಿಯೇ ನಿಲ್ಲದೆ, ಮರ್ಸರೈಸ್ ಮಾಡಿದ ಒಂದು ಎಳೆಯನ್ನೂ ಮಾಡದ ಒಂದು ಎಳೆಯನ್ನೂ ವಿದ್ಯಾರ್ಥಿಗಳ ಕೈಗಿತ್ತು ಚರ್ಚೆ ಶುರುಮಾಡಲಿ.