ಮನೆಯೋ, ಕಚೇರಿಯೋ? ಕರ್ಮಕ್ಕೆ ಸಾಕ್ಷಿ ಯಾರು?



2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ನಿಮಿತ್ತ ದೇಶವೇ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳಿಗೆ ಮನೆಯೇ ಕಚೇರಿಯಾಯಿತು. ಅನೇಕರು ಹುಟ್ಟೂರಿಗೆ ಮರಳಿ ತಂದೆತಾಯಿಯರ ಸನ್ನಿಧಿಯಲ್ಲೇ ದುಡಿದರು. ಅನಂತರ ಹಲವು ಸಂಸ್ಥೆಗಳು ವಾರದಲ್ಲಿ ಇಂತಿಷ್ಟು ದಿನ ಕಚೇರಿಗೆ ಬರತಕ್ಕದ್ದೆಂದು ವಿಧಿಸಿದವು. ಇವೆರಡರಲ್ಲಿ ಯಾವುದು ಶ್ರೇಯಸ್ಕರವೆಂದು ನಮ್ಮ ತರುಣರು ಚರ್ಚಿಸುತ್ತಿರುವುದರಿಂದ ಇದನ್ನು ವಿಚಾರಿಸೋಣ.

ಮನೆಯೇ ಲೇಸೆಂಬುದು ಒಂದು ಪಕ್ಷ. ವಾಹನಗಳ ದಟ್ಟಣೆಯಲ್ಲಿ ವ್ಯರ್ಥವಾಗುವ ಹೊತ್ತು ಉಳಿದು ಸಂಧ್ಯಾವಂದನೆಗೂ ವೃದ್ಧರ ಶುಶ್ರೂಷೆಗೂ ಒದಗುತ್ತದೆ. ಕಚೇರಿಯೇ ಲೇಸೆಂಬುದು ಮತ್ತೊಂದು ಪಕ್ಷ. ಪಾಠಶಾಲೆಯಲ್ಲಿ ಗುರುಗಳ ಎದುರು ಕುಳಿತು ಕಲಿತಂತೆ ಹಿರಿಯರ ಬಳಿಯಿದ್ದು ಕಲಿತ ವಿದ್ಯೆ ದೃಢವಾಗುತ್ತದೆ. ಎರಡೂ ಮಾತು ಸತ್ಯವೇ.

ಉಡುಪಿಯ ಪರ್ಯಾಯ ಕ್ರಮವನ್ನು ನೋಡಿರಿ. ಅಷ್ಟಮಠಗಳ ಯತಿಗಳಿಗೆ ಶ್ರೀಕೃಷ್ಣಪೂಜೆಯ ಹೊಣೆ ಸರದಿಯಂತೆ 2 ವರ್ಷ ಬರುತ್ತದೆ. ಮುಂದಿನ ಸರದಿಯವರೆಗಿನ 14 ವರ್ಷ ತಮ್ಮ ಮಠದ ಪಟ್ಟದ ದೇವರ ಪೂಜೆ ನಡೆದೇ ಇರುತ್ತದೆ. ಸ್ಥಳ ಬದಲಾದರೂ ನಿಯಮ ಸಡಿಲವಾಗುವುದಿಲ್ಲ.

ಕೊರೋನಾ ಕಾಲದಲ್ಲಿ ದೇವಾಲಯಗಳಿಗೆ ಭಕ್ತರ ಪ್ರವೇಶ ನಿಂತಿತ್ತು, ನಿತ್ಯಪೂಜೆ ನಿಲ್ಲಲಿಲ್ಲ. ಅರ್ಚಕರಾದ ನಮಗೆ ಅದು ಪರೀಕ್ಷೆಯ ಕಾಲ. ನೋಡುವವರಿಲ್ಲವೆಂದು ಅಭಿಷೇಕವನ್ನು ಮೊಟಕುಗೊಳಿಸಬಹುದೇ? ನೈವೇದ್ಯವನ್ನು ತಡಮಾಡಬಹುದೇ? ಯಾರಿಗಾಗಿ ಪೂಜೆಯೋ ಆತನು ಒಳಗೇ ಇರುವನಲ್ಲವೇ!

ಮನೆಯಿಂದ ದುಡಿಯುವವನಿಗೂ ಇದೇ ಪರೀಕ್ಷೆ. ಮೇಲಧಿಕಾರಿಯ ಕಣ್ಣಿಲ್ಲವೆಂದು ಕಂಪ್ಯೂಟರನ್ನು ತೆರೆದಿಟ್ಟು ನಿದ್ರಿಸಿ ಪೂರ್ಣ ವೇತನ ಪಡೆದರೆ ಅದು ಪರದ್ರವ್ಯಾಪಹಾರವೇ ಸರಿ. ಇನ್ನೊಂದು ದೋಷವೂ ಉಂಟು. ಕೆಲಸಕ್ಕೆ ಗಡಿಯೇ ಇಲ್ಲದೆ ನಡುರಾತ್ರಿಯವರೆಗೆ ದುಡಿದು, ಮಕ್ಕಳ ನಗುವನ್ನು ಗದ್ದಲವೆಂದು ಗದರಿಸುವವನು ಮನೆಯಲ್ಲಿದ್ದೂ ಮನೆಯವನಲ್ಲ. ಒಂದು ಕೈಯಲ್ಲಿ ಕಚೇರಿಯನ್ನೂ ಇನ್ನೊಂದು ಕೈಯಲ್ಲಿ ಒಲೆಯನ್ನೂ ನಿಭಾಯಿಸುವ ಗೃಹಿಣಿಯ ಭಾರವನ್ನು ಹಂಚಿಕೊಳ್ಳದೆ ಜಪಕ್ಕೆ ಕೂಡುವುದೂ ಧರ್ಮವಲ್ಲ.

ಆದುದರಿಂದ ಸಿದ್ಧಾಂತವಿಷ್ಟೇ. ಸ್ವಕರ್ಮದಿಂದಲೇ ಭಗವಂತನನ್ನು ಅರ್ಚಿಸಬೇಕೆಂದು ಗೀತೆಯ 18ನೆಯ ಅಧ್ಯಾಯ ಬೋಧಿಸುತ್ತದೆ. ಅರ್ಚನೆಯೆಂದ ಮೇಲೆ ಸಂಕಲ್ಪವೂ ಉಂಟು, ಸಮರ್ಪಣೆಯೂ ಉಂಟು. ಗೊತ್ತಾದ ಹೊತ್ತಿಗೆ ಹರಿಸ್ಮರಣೆಯಿಂದ ಕೆಲಸವನ್ನು ಆರಂಭಿಸಿ, ಪ್ರಾಮಾಣಿಕವಾಗಿ ನಡೆಸಿ, ಗೊತ್ತಾದ ಹೊತ್ತಿಗೆ ಆತನಿಗೊಪ್ಪಿಸಿ ಏಳಬೇಕು. ದುಡಿಸಿಕೊಳ್ಳುವವರೂ ಈ ಸಮಾಪ್ತಿಯನ್ನು ಗೌರವಿಸಬೇಕು.

ಬಸ್ ಚಾಲಕನಿಗೆ, ದಾದಿಗೆ, ಪೌರಕಾರ್ಮಿಕನಿಗೆ ಮನೆಯಿಂದ ದುಡಿಯುವ ಆಯ್ಕೆಯೇ ಇಲ್ಲ. ಆಯ್ಕೆಯುಳ್ಳವರು ಅದನ್ನು ಅನುಗ್ರಹವೆಂದು ತಿಳಿಯಲಿ. ನಾವು ಎಲ್ಲಿ ಕುಳಿತರೂ ಮಾಡಿಸುವವನು ಅಂತರ್ಯಾಮಿಯಾದ ಶ್ರೀಹರಿ. ನಾವು ಆತನ ಅಧೀನರು. ಈ ಅನುಸಂಧಾನವಿದ್ದರೆ ಮನೆಯೂ ಕಚೇರಿಯೂ ಆತನ ಸನ್ನಿಧಿಯೇ.

ಶ್ರೀಕೃಷ್ಣಾರ್ಪಣಮಸ್ತು.